ಸುಡದೆ ಉಳಿಸಿದ ಗ್ಯಾಸ್: ಟರ್ಬೈನ್ ಪ್ಲಾಂಟಿನಲ್ಲಿ ನನ್ನ ಅನುಭವ

ಕೊಚ್ಚಿಯಿಂದ ಮಂಗಳೂರಿಗೆ ಹೋಗುವ ನೈಸರ್ಗಿಕ ಅನಿಲದ ಪೈಪ್ ನಮ್ಮ ಕಾಸರಗೋಡು ಜಿಲ್ಲೆಯನ್ನು ದಾಟಿಕೊಂಡೇ ಹೋಗುತ್ತದೆ. ಒಟ್ಟು 450 ಕಿಲೋಮೀಟರ್. ಕೊನೆಗೆ ಕೆಲಸ ತಡವಾದದ್ದು ನಮ್ಮ ಚಂದ್ರಗಿರಿ ಹೊಳೆಯ ಹತ್ತಿರ. ಹೊಳೆಯ ತಳಕ್ಕೂ ಕೆಳಗೆ ಕೊರೆದು ಪೈಪನ್ನು ಆಚೆ ದಡಕ್ಕೆ ಎಳೆಯಬೇಕಿತ್ತು. 2021ರ ಜನವರಿ 5ರಂದು ಪೈಪ್‌ಲೈನ್ ಉದ್ಘಾಟನೆಯಾಯಿತು. ಆ ವಾರ ನಮ್ಮ ಚಾವಡಿಯಲ್ಲಿ ಕೂತು ನೆರೆಮನೆಯ ಮಾವ ಕೇಳಿದರು: "ನೀನು ಗ್ಯಾಸಿನ ಪ್ಲಾಂಟಿನಲ್ಲೇ ಇದ್ದವನಲ್ವಾ? ಗ್ಯಾಸ್ ಸುಟ್ಟರೆ ಹೊಗೆಯೇ ಇಲ್ಲ ಅಂತಾರೆ. ಹೌದಾ ಅದು?"

"ಕಣ್ಣಿಗೆ ಕಾಣುವ ಹೊಗೆ ಇಲ್ಲ ಮಾವ. ಕಾಣದ್ದು ಇದೆ" ಅಂದೆ.

ಈ ಗ್ಯಾಸಿನಲ್ಲಿ ಹೆಚ್ಚಿನದ್ದು ಮೀಥೇನ್. ಒಂದು ಕಿಲೋ ಮೀಥೇನ್ ಸುಟ್ಟರೆ ಎರಡೂ ಮುಕ್ಕಾಲು ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಎಷ್ಟು ಒಳ್ಳೆಯ ಮೆಷಿನ್ ತಂದರೂ ಈ ಲೆಕ್ಕ ಬದಲಾಗುವುದಿಲ್ಲ. ನಾನಿದ್ದ ಪವರ್ ಪ್ಲಾಂಟಿನಲ್ಲಿ ಒಂದು ಗ್ಯಾಸ್ ಟರ್ಬೈನ್, ಅಂದರೆ ಗ್ಯಾಸ್ ಸುಟ್ಟ ಬಿಸಿ ಗಾಳಿಯಿಂದ ತಿರುಗಿ ಕರೆಂಟ್ ಮಾಡುವ ಮೆಷಿನ್, ಬೇಸಿಗೆಯಲ್ಲಿ 110 ಮೆಗಾವಾಟ್ ಕೊಡುತ್ತಿತ್ತು. ಅದಕ್ಕೆ ಗಂಟೆಗೆ ಸುಮಾರು 24 ಟನ್ ಗ್ಯಾಸ್ ಬೇಕು. ಅಂದರೆ ಗಂಟೆಗೆ 66 ಟನ್ ಕಾರ್ಬನ್ ಡೈಆಕ್ಸೈಡ್ ಮೇಲೆ ಹೋಗುತ್ತದೆ. ಅಂಥ ನಾಲ್ಕು ಮೆಷಿನ್ ನಮ್ಮಲ್ಲಿದ್ದವು. ಮಾವ ಬೆರಳು ಮಡಚಿ ಲೆಕ್ಕ ಹಾಕಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಕಡಿಮೆ ಮಾಡಲಿಕ್ಕೆ ಆಗುವುದಿಲ್ವಾ?"

ಆಗುತ್ತದೆ. ನಾವು ಮಾಡಿದ್ದೇವೆ. ಅವತ್ತು ಪೂರ್ತಿ ಹೇಳಲಿಕ್ಕೆ ಆಗಲಿಲ್ಲ, ಅದಕ್ಕೆ ಈಗ ಬರೆಯುತ್ತಿದ್ದೇನೆ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಕಾಲಕ್ಕೆ ಮಂಗಳೂರಿನ ತಣ್ಣೀರುಬಾವಿಯಲ್ಲಿ, ಹೊಳೆಯ ಮೇಲೆ ಬಾರ್ಜಿನಲ್ಲಿ ಕಟ್ಟಿದ 220 ಮೆಗಾವಾಟಿನ ಪ್ಲಾಂಟ್ ಬಂದಿತ್ತು. 2001ರ ಮಾತು. ಅಲ್ಲಿ ನಾಫ್ತಾ, ಅಂದರೆ ಕಚ್ಚಾ ತೈಲದಿಂದ ತೆಗೆಯುವ ಒಂದು ದ್ರವ ಇಂಧನ, ಉರಿಸುತ್ತಿದ್ದರು. ಕೂಳೂರು ಸೇತುವೆ ದಾಟುವಾಗಲೆಲ್ಲ ನನ್ನ ಕಣ್ಣು ಆ ಕಡೆಗೇ ಹೋಗುತ್ತಿತ್ತು. ನೀರಿನ ಮೇಲೆ ತೇಲುವ ಪವರ್ ಹೌಸ್! ಗ್ಯಾಸ್ ಟರ್ಬೈನ್ ಅನ್ನುವ ಹುಚ್ಚು ಹಿಡಿದದ್ದು ಅಲ್ಲಿಂದ. ಮುಂದೆ ಆ ಬಾರ್ಜನ್ನು ಕಾಕಿನಾಡಕ್ಕೆ ಸಾಗಿಸಿ ನೈಸರ್ಗಿಕ ಅನಿಲಕ್ಕೆ ಬದಲಾಯಿಸಿದರು. ಇಂಧನ ಬದಲಾಯಿಸಿದ್ದರಿಂದಲೇ ಎಷ್ಟು ಇಳಿಯುತ್ತದೆ ನೋಡಿ: ಒಂದು ಗಿಗಾಜೂಲ್ ಶಾಖಕ್ಕೆ ನಾಫ್ತಾದಲ್ಲಿ ಸುಮಾರು 73 ಕಿಲೋ ಕಾರ್ಬನ್ ಡೈಆಕ್ಸೈಡ್ ಬಂದರೆ, ಗ್ಯಾಸಿನಲ್ಲಿ 56 ಕಿಲೋ.

ನನಗೆ ಕೆಲಸ ಸಿಕ್ಕಿದ್ದು ಗಲ್ಫಿನಲ್ಲಿ, ಕಡಲ ಬದಿಯ ಒಂದು ಪ್ಲಾಂಟಿನಲ್ಲಿ. ಕಾಸರಗೋಡಿನವರಿಗೆ ಇದರಲ್ಲಿ ವಿಶೇಷ ಏನಿಲ್ಲ. ಮೇಂಟೆನೆನ್ಸ್ ವಿಭಾಗದಲ್ಲಿ ನಮ್ಮ ಕಡೆಯವರೇ ನಾಲ್ಕು ಜನ ಇದ್ದೆವು. ನನ್ನ ಜೊತೆಗೆ ಹೆಚ್ಚು ಕಾಲ ಇದ್ದವರು ಉಪ್ಪಳದ ಒಬ್ಬ ಫಿಟ್ಟರ್. ನಾನು ಅವರನ್ನು ಕಾಕ ಅನ್ನುತ್ತಿದ್ದೆ, ಅವರು ನನ್ನನ್ನು ಭಟ್ರೇ ಅನ್ನುತ್ತಿದ್ದರು. ಇಬ್ಬರ ಮಾತೂ ತುಳುವಿನಲ್ಲಿ. ಮುಂದೆ ಅವರ ಮಾತು ಬಂದಲ್ಲಿ ಕನ್ನಡಕ್ಕೆ ತಂದು ಬರೆದಿದ್ದೇನೆ.

ನಾಲ್ಕು ಟರ್ಬೈನುಗಳಲ್ಲಿ ಎರಡು ಓಪನ್ ಸೈಕಲ್. ಅಂದರೆ ಟರ್ಬೈನಿನಿಂದ ಹೊರಗೆ ಬರುವ 540 ಡಿಗ್ರಿಯ ಬಿಸಿ ಗಾಳಿ ನೇರ ಚಿಮಣಿಗೆ. ಉಳಿದ ಎರಡು ಕಂಬೈನ್ಡ್ ಸೈಕಲ್. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಹಳೆ ಅಡುಗೆಮನೆಯ ಕೋಡೊಲೆ ಸಾಕು. ಅಮ್ಮ ದೊಡ್ಡ ಒಲೆಯಲ್ಲಿ ಅನ್ನಕ್ಕೆ ಇಟ್ಟರೆ, ಅದರಿಂದ ದಾಟಿ ಬರುವ ಉರಿಯಲ್ಲಿ ಕೋಡೊಲೆಯ ಮೇಲೆ ಸಾರು ಕುದಿಯುತ್ತಿತ್ತು. ಬೇರೆ ಸೌದೆ ಇಲ್ಲ. ಟರ್ಬೈನಿನ ಹಿಂದೆ ಬಾಯ್ಲರ್ ಇಟ್ಟು, ಆ ಬಿಸಿ ಗಾಳಿಯಲ್ಲೇ ಹಬೆ ಮಾಡಿ, ಹಬೆಯಿಂದ ಇನ್ನೊಂದು ಟರ್ಬೈನ್ ತಿರುಗಿಸುತ್ತೇವೆ. ಎರಡು ಗ್ಯಾಸ್ ಟರ್ಬೈನಿನ 220 ಮೆಗಾವಾಟಿನ ಜೊತೆಗೆ ಇನ್ನೂ 110 ಮೆಗಾವಾಟ್ ಬಿಟ್ಟಿ ಸಿಗುತ್ತದೆ. ಓಪನ್ ಸೈಕಲ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 610 ಗ್ರಾಂ ಕಾರ್ಬನ್ ಡೈಆಕ್ಸೈಡ್ ಆದರೆ, ಕಂಬೈನ್ಡ್ ಸೈಕಲ್‌ನಲ್ಲಿ 410 ಗ್ರಾಂ. ಇವತ್ತಿನ ಹೊಸ ದೊಡ್ಡ ಮೆಷಿನ್‌ಗಳಲ್ಲಿ ಇದು 340ರ ಆಸುಪಾಸಿಗೆ ಇಳಿದಿದೆ.

ಹೊಸ ಮೆಷಿನ್ ತರುವುದು ನಮ್ಮ ಕೈಯಲ್ಲಿ ಇರಲಿಲ್ಲ. ಓಪನ್ ಸೈಕಲ್‌ಗೆ ಬಾಯ್ಲರ್ ಕೂರಿಸುವುದೂ ನಮ್ಮ ಕೈಯಲ್ಲಿ ಇರಲಿಲ್ಲ. ಇದ್ದದ್ದು ಒಂದೇ: ಅಷ್ಟೇ ಕರೆಂಟನ್ನು ಇನ್ನೂ ಕಡಿಮೆ ಗ್ಯಾಸಿನಲ್ಲಿ ಮಾಡುವುದು. ಒಂದು ಯೂನಿಟ್‌ಗೆ ಎಷ್ಟು ಶಾಖ ಖರ್ಚಾಯಿತು ಅನ್ನುವುದಕ್ಕೆ ಹೀಟ್ ರೇಟ್ ಅನ್ನುತ್ತೇವೆ. ಹೀಟ್ ರೇಟ್ ಒಂದು ಪರ್ಸೆಂಟ್ ಇಳಿದರೆ ಒಂದು ಮೆಷಿನ್‌ನಲ್ಲೇ ದಿನಕ್ಕೆ 16 ಟನ್ ಕಾರ್ಬನ್ ಡೈಆಕ್ಸೈಡ್ ಇಲ್ಲವಾಗುತ್ತದೆ. ಎರಡು ಲಾರಿ ಲೋಡ್ ಅಂದುಕೊಳ್ಳಿ. ಈ 16 ಟನ್ ಅನ್ನುವ ಸಂಖ್ಯೆ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಮೊದಲು ಕೈ ಹಾಕಿದ್ದು ಕಂಪ್ರೆಸರಿಗೆ. ಗ್ಯಾಸ್ ಟರ್ಬೈನಿನ ಮುಂಭಾಗದಲ್ಲಿ ಗಾಳಿಯನ್ನು ಒತ್ತಿ ಒಳಗೆ ತಳ್ಳುವ ಭಾಗ ಇದು. ನಮ್ಮ ಮೆಷಿನ್‌ನಲ್ಲಿ 17 ಸಾಲು ಬ್ಲೇಡ್‌ಗಳು. ಗಂಟೆಗೆ 1400 ಟನ್ ಗಾಳಿ ಇದರ ಮೂಲಕ ಹೋಗುತ್ತದೆ. ಟರ್ಬೈನ್ ಹುಟ್ಟಿಸುವ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಕಂಪ್ರೆಸರನ್ನು ತಿರುಗಿಸಲಿಕ್ಕೇ ಖರ್ಚು. ಹಾಗಾಗಿ ಇದರ ಬ್ಲೇಡಿನ ಮೇಲೆ ತೆಳುವಾದ ಒಂದು ಪದರ ಕೊಳೆ ಕೂತರೂ ನಷ್ಟ ದೊಡ್ಡದು. ಕಡಲ ಬದಿಯಲ್ಲಿ ಉಪ್ಪು, ಮರುಭೂಮಿಯಲ್ಲಿ ಧೂಳು, ಬೇರಿಂಗಿನಿಂದ ಸೋರುವ ಎಣ್ಣೆಯ ಹಬೆ. ಮೂರೂ ಸೇರಿದರೆ ಬ್ಲೇಡಿಗೆ ಅಂಟು ಹಚ್ಚಿದ ಹಾಗೆ.

ಫಿಲ್ಟರ್ ಇರುತ್ತದಲ್ವಾ ಅಂತ ಕೇಳಬಹುದು. ಇರುತ್ತದೆ, ನೂರಾರು ಇರುತ್ತವೆ. ಆದರೆ ಗಲ್ಫಿನ ಚಳಿಗಾಲದ ಬೆಳಗ್ಗೆ ಕಡಲಿನಿಂದ ಮಂಜು ಎದ್ದಾಗ ಫಿಲ್ಟರಿನ ಧೂಳು ಒದ್ದೆಯಾಗಿ ಕೆಸರಾಗುತ್ತದೆ. ಗಾಳಿ ಎಳೆಯಲು ಕಷ್ಟವಾಗುತ್ತದೆ. ಒದ್ದೆ ಫಿಲ್ಟರಿನಲ್ಲಿ ಉಪ್ಪು ಕರಗಿ ಒಳಗೂ ನುಸುಳುತ್ತದೆ. ಫಿಲ್ಟರಿನ ಆಚೆ ಈಚೆ ಒತ್ತಡದ ವ್ಯತ್ಯಾಸ 100 ಮಿಲಿಮೀಟರ್ ನೀರಿನಷ್ಟು ಏರಿದರೆ ಔಟ್‌ಪುಟ್ ಸುಮಾರು ಒಂದೂವರೆ ಪರ್ಸೆಂಟ್ ಬೀಳುತ್ತದೆ, ಹೀಟ್ ರೇಟ್ ಅರ್ಧ ಪರ್ಸೆಂಟಿನಷ್ಟು ಏರುತ್ತದೆ. ನಮ್ಮಲ್ಲಿ ಫಿಲ್ಟರನ್ನು ಅಲಾರಂ ಬರುವ ತನಕ ಮುಟ್ಟುತ್ತಿರಲಿಲ್ಲ. ಅಲಾರಂ ಇರುವುದು ಮೆಷಿನ್ ಉಳಿಸಲಿಕ್ಕೆ, ಗ್ಯಾಸ್ ಉಳಿಸಲಿಕ್ಕಲ್ಲ. ಇದನ್ನು ಮೀಟಿಂಗಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ.

ಕಂಪ್ರೆಸರ್ ತೊಳೆಯುವುದು ಎರಡು ರೀತಿ. ಮೆಷಿನ್ ಓಡುತ್ತಿರುವಾಗಲೇ ಡಿಎಂ ವಾಟರನ್ನು, ಅಂದರೆ ಲವಣ ತೆಗೆದ ಶುದ್ಧ ನೀರನ್ನು, ಸಣ್ಣ ಹನಿಯಾಗಿ ಬಿಡುವುದು ಒಂದು. ಇದು ಮೊದಲ ಕೆಲವು ಸಾಲುಗಳನ್ನು ತೊಳೆಯುತ್ತದೆ, ಅಷ್ಟೆ. ಹಿಂದಿನ ಸಾಲುಗಳಿಗೆ ತಲುಪುವ ಮೊದಲೇ ನೀರು ಆವಿಯಾಗಿ ಹೋಗುತ್ತದೆ. ಸರಿಯಾಗಿ ತೊಳೆಯಬೇಕಾದರೆ ಮೆಷಿನ್ ನಿಲ್ಲಿಸಲೇಬೇಕು. ನಿಲ್ಲಿಸಿ ತಣಿಸಬೇಕು. ಒಳಗಿನ ಲೋಹ ಕಾದಿರುವಾಗ ನೀರು ಬಿಟ್ಟರೆ ಬಿರುಕು ಬರುವ ಅಪಾಯ. ತಣಿಯಲಿಕ್ಕೇ ಒಂದು ಶಿಫ್ಟ್ ಹೋಗುತ್ತದೆ. ಒಂದು ದಿನದ ಕರೆಂಟು ಹೋಯಿತಲ್ಲ ಅಂತ ಮ್ಯಾನೇಜ್‌ಮೆಂಟಿಗೆ ಸಂಕಟ. ಹೀಗಾಗಿ ವರ್ಷಕ್ಕೊಮ್ಮೆ, ದೊಡ್ಡ ಶಟ್‌ಡೌನ್‌ನಲ್ಲಿ ಮಾತ್ರ ತೊಳೆಯುವ ಪದ್ಧತಿ ಬಂದುಬಿಟ್ಟಿತ್ತು.

ನಾನು ಮೊದಲ ಸಲ ಪೂರ್ತಿ ವಾಶ್ ಮಾಡಿಸಿದ ದಿನ ಚೆನ್ನಾಗಿ ನೆನಪಿದೆ. ಸೀಲಿಂಗ್ ಏರ್, ಕೂಲಿಂಗ್ ಏರ್ ಲೈನ್‌ಗಳ ವಾಲ್ವ್ ಮುಚ್ಚಿದೆವು, ಇಲ್ಲದಿದ್ದರೆ ಸೋಪಿನ ನೀರು ಅಲ್ಲಿಗೂ ನುಗ್ಗುತ್ತದೆ. ಕೆಳಗಿನ ಡ್ರೈನ್‌ಗಳನ್ನೆಲ್ಲ ತೆರೆದೆವು. ಸ್ಟಾರ್ಟಿಂಗ್ ಮೋಟರಿನಿಂದ ಮೆಷಿನನ್ನು ನಿಧಾನವಾಗಿ ತಿರುಗಿಸುತ್ತಾ, ಬಿಸಿ ಡಿಎಂ ವಾಟರಿಗೆ ಡಿಟರ್ಜೆಂಟ್ ಬೆರೆಸಿ ಬಿಟ್ಟೆವು. ಆಮೇಲೆ ನಿಲ್ಲಿಸಿ ಇಪ್ಪತ್ತು ನಿಮಿಷ ನೆನೆಯಲು ಬಿಟ್ಟೆವು. ಮತ್ತೆ ತಿರುಗಿಸಿ ಬರೀ ನೀರು. ಕಾಕ ಡ್ರೈನ್ ಪೈಪಿನ ಬಾಯಿಯಲ್ಲಿ ಗಾಜಿನ ಬಾಟಲಿ ಹಿಡಿದು ಕೂತಿದ್ದರು. ಮೊದಲ ಬಾಟಲಿಯ ನೀರು ಕಾಫಿ ಕಷಾಯದಂತೆ ಕಪ್ಪು, ಅಡಿಯಲ್ಲಿ ಮರಳು. ಎರಡನೆಯದು ಅಡಿಕೆ ಬೇಯಿಸಿದ ಚೊಗರಿನ ಬಣ್ಣ. ಐದನೆಯ ಬಾಟಲಿಗೆ ತಿಳಿಯಾಯಿತು ಅಂದುಕೊಂಡು ಮುಗಿಸೋಣ ಅಂದೆ. ಕಾಕ ಬಾಟಲಿಯನ್ನು ಬಿಸಿಲಿಗೆ ಹಿಡಿದು, "ಇಲ್ಲ ಭಟ್ರೇ, ಇನ್ನೂ ನೊರೆ ಉಂಟು" ಅಂದರು. ಸೋಪು ಒಳಗೆ ಉಳಿದರೆ ಅದೇ ಮುಂದಿನ ಕೊಳೆಗೆ ಅಂಟು. ಇನ್ನೆರಡು ಸಲ ತೊಳೆದೆವು. ಏಳನೆಯ ಬಾಟಲಿಯ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದುವ ಹಾಗಿತ್ತು. ಆ ಏಳೂ ಬಾಟಲಿಗಳನ್ನು ಸಾಲಾಗಿ ಕಂಟ್ರೋಲ್ ರೂಮಿನ ಕಿಟಕಿಯಲ್ಲಿ ಇಟ್ಟೆವು. ಯಾವ ರಿಪೋರ್ಟಿಗಿಂತಲೂ ಜಾಸ್ತಿ ಕೆಲಸ ಮಾಡಿದ್ದು ಆ ಬಾಟಲಿಗಳು.

ಆದರೆ ಲೆಕ್ಕದಲ್ಲಿ ನಾನು ಎಡವಿದೆ. ಮರುದಿನ ಬೆಳಗ್ಗೆ ಐದು ಗಂಟೆಗೆ ಔಟ್‌ಪುಟ್ ನೋಡಿದರೆ ಎಂಟು ಮೆಗಾವಾಟ್ ಏರಿತ್ತು. ಖುಷಿಯಲ್ಲಿ ಎಲ್ಲರಿಗೂ ಹೇಳಿದೆ. ಶಿಫ್ಟ್ ಇನ್‌ಚಾರ್ಜ್ ಕೇಳಿದರು: "ವಾಶ್‌ಗಿಂತ ಮೊದಲಿನ ರೀಡಿಂಗ್ ಎಷ್ಟು ಹೊತ್ತಿಗೆ ತೆಗೆದದ್ದು?" ಮಧ್ಯಾಹ್ನ ಎರಡಕ್ಕೆ. ಹೊರಗಿನ ಗಾಳಿ ಹತ್ತು ಡಿಗ್ರಿ ತಂಪಾದರೆ ಏನೂ ಮಾಡದೆಯೇ ಗ್ಯಾಸ್ ಟರ್ಬೈನಿನ ಔಟ್‌ಪುಟ್ ಆರೇಳು ಪರ್ಸೆಂಟ್ ಏರುತ್ತದೆ. ತಂಪು ಗಾಳಿ ಭಾರ, ಅಷ್ಟೇ ಜಾಗದಲ್ಲಿ ಜಾಸ್ತಿ ಹಿಡಿಯುತ್ತದೆ. ನನ್ನ ಎಂಟು ಮೆಗಾವಾಟಿನಲ್ಲಿ ಹೆಚ್ಚಿನದ್ದು ಬೆಳಗಿನ ತಂಪಿನದ್ದು, ತೊಳೆದದ್ದರದ್ದಲ್ಲ.

ಅವತ್ತಿನಿಂದ ಒಂದು ನೋಟ್‌ಬುಕ್ ಶುರು ಮಾಡಿದೆ. ದಿನವೂ ಮೆಷಿನ್ ಫುಲ್ ಲೋಡ್‌ನಲ್ಲಿ ಇರುವಾಗ, ಕನಿಷ್ಠ ಒಂದು ಗಂಟೆ ಅಲುಗಾಡದೆ ನಿಂತ ಮೇಲೆ, ರೀಡಿಂಗ್ ತೆಗೆಯುವುದು. ಹೊರಗಿನ ಉಷ್ಣತೆ, ಗಾಳಿಯ ತೇವ, ಗಾಳಿಯ ಒತ್ತಡ, ಗ್ಯಾಸಿನ ಅಳತೆ, ಗ್ಯಾಸಿನ ಶಾಖದ ಬೆಲೆ. ತಯಾರಕರು ಕೊಟ್ಟ ಕರೆಕ್ಷನ್ ಕರ್ವ್ ಇಟ್ಟುಕೊಂಡು ಎಲ್ಲವನ್ನೂ 15 ಡಿಗ್ರಿಯ ಸ್ಟ್ಯಾಂಡರ್ಡ್ ಸ್ಥಿತಿಗೆ ತರುವುದು. ಆಗ ಇವತ್ತಿನದ್ದನ್ನು ನಿನ್ನೆಯದಕ್ಕೆ ಹೋಲಿಸಬಹುದು. ಈ ಕೆಲಸದಲ್ಲಿ ಹೊಸಬರಿಗೆ ನಾನು ಹೇಳುವ ಮೊದಲ ಮಾತು ಇದೇ. ಕಾರ್ಬನ್ ಕಡಿಮೆ ಮಾಡುತ್ತೇವೆ ಅನ್ನುವವರು ಮೊದಲು ಅಳತೆ ನೆಟ್ಟಗೆ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಬೆಳಗಿನ ತಂಪಿಗೆ ಹೊಗಳಿಕೆ ತೆಗೆದುಕೊಂಡು, ಮಧ್ಯಾಹ್ನದ ಬಿಸಿಲಿಗೆ ಬೈಗುಳ ತಿನ್ನುತ್ತಾ ಇರಬೇಕಾಗುತ್ತದೆ.

ಆರು ತಿಂಗಳ ನೋಟ್‌ಬುಕ್ ಮುಂದಿಟ್ಟಾಗ ಗ್ರಾಫ್ ಗರಗಸದ ಹಲ್ಲಿನಂತೆ ಕಂಡಿತು. ತೊಳೆದಾಗ ಮೇಲೆ, ಆಮೇಲೆ ನಿಧಾನವಾಗಿ ಕೆಳಗೆ. ಎಷ್ಟು ದಿನಕ್ಕೆ ತೊಳೆದರೆ ನಿಲ್ಲಿಸಿದ ನಷ್ಟಕ್ಕಿಂತ ಉಳಿಕೆ ಜಾಸ್ತಿ ಅನ್ನುವುದು ಕಣ್ಣಿಗೆ ಕಾಣುತ್ತಿತ್ತು. ಚಳಿಗಾಲದಲ್ಲಿ ಲೋಡ್ ಕಡಿಮೆ ಇರುವ ವಾರಾಂತ್ಯಗಳಲ್ಲಿ ಸರದಿಯಂತೆ ನಿಲ್ಲಿಸಿ ತೊಳೆಯಲು ಒಪ್ಪಿಗೆ ಸಿಕ್ಕಿತು. ಅಷ್ಟಕ್ಕೆ ಒಂದು ವರ್ಷ ಹಿಡಿಯಿತು.

ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ಕೆಲಸ ಮಾತ್ರ ಬೇರೆ. ಅದು ಡೈವರ್ಟರ್ ಡ್ಯಾಂಪರಿನದ್ದು.

ಕಂಬೈನ್ಡ್ ಸೈಕಲ್‌ನಲ್ಲಿ ಟರ್ಬೈನಿನ ಹಿಂದೆ ಬಿಸಿ ಗಾಳಿಗೆ ಎರಡು ದಾರಿ. ಒಂದು ಬಾಯ್ಲರಿಗೆ, ಇನ್ನೊಂದು ನೇರ ಮೇಲೆ ಬೈಪಾಸ್ ಚಿಮಣಿಗೆ. ನಡುವೆ ಒಂದು ದೊಡ್ಡ ಬಾಗಿಲು, ಮನೆಯ ಗೋಡೆಯಷ್ಟು ದೊಡ್ಡದು. ಅದೇ ಡ್ಯಾಂಪರ್. ಬಾಯ್ಲರ್ ಓಡುವಾಗ ಬೈಪಾಸ್ ಕಡೆ ಪೂರ್ತಿ ಮುಚ್ಚಿರಬೇಕು. ಅಂಚಿನ ಸುತ್ತ ತೆಳುವಾದ ಉಕ್ಕಿನ ಪಟ್ಟಿಗಳ ಸೀಲ್ ಇರುತ್ತದೆ. 540 ಡಿಗ್ರಿಯಲ್ಲಿ ವರ್ಷಗಟ್ಟಲೆ ಹಿಗ್ಗಿ ಕುಗ್ಗಿ ಆ ಪಟ್ಟಿಗಳು ಸೊಟ್ಟಗಾಗುತ್ತವೆ. ಅಲ್ಲಿಂದ ಬಿಸಿ ಗಾಳಿ ಸದ್ದಿಲ್ಲದೆ ಮೇಲೆ ಹೋಗುತ್ತದೆ. ಯಾವ ಅಲಾರಂ ಕೂಡ ಬರುವುದಿಲ್ಲ. ಸ್ಟೀಮ್ ಟರ್ಬೈನಿನ ಔಟ್‌ಪುಟ್ ಸ್ವಲ್ಪ ಕಡಿಮೆ ಕಾಣುತ್ತದೆ ಅಷ್ಟೆ, ಅದಕ್ಕೆ ನೂರು ಕಾರಣ ಹೇಳಬಹುದು.

ನನಗೆ ಅನುಮಾನ ಬಂದದ್ದು ಒಂದು ಮಳೆಯ ದಿನ. ಅಲ್ಲಿ ಮಳೆ ಅಪರೂಪ. ನಮ್ಮ ಕಡೆಯವರಿಗೆ ಮಳೆ ಬಂದರೆ ಹೊರಗೆ ನಿಂತು ನೋಡುವ ಆಸೆ ಬೇರೆ. ಮುಚ್ಚಿರಬೇಕಾದ ಬೈಪಾಸ್ ಚಿಮಣಿಯ ಮೈಯಿಂದ ಆವಿ ಏಳುತ್ತಿತ್ತು, ಒಂದು ಬದಿಯಲ್ಲಿ ಮಾತ್ರ. ತಗಡು ಒಣಗಿದ ಗುರುತು ಉದ್ದಕ್ಕೆ ಮೇಲೆ ಹೋಗಿತ್ತು. ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು ನೋಡಿದೆ. ಆ ಬದಿ ಇನ್ನೊಂದು ಬದಿಗಿಂತ ಎಷ್ಟೋ ಬಿಸಿ.

ಮುಂದಿನ ಶಟ್‌ಡೌನ್‌ನಲ್ಲಿ ಪರ್ಮಿಟ್ ತೆಗೆದುಕೊಂಡು, ಒಳಗಿನ ಗಾಳಿ ಪರೀಕ್ಷೆ ಮಾಡಿಸಿ, ನಾನೂ ಕಾಕನೂ ಡಕ್ಟಿನ ಒಳಗೆ ಇಳಿದೆವು. ಕಾಕ ದೊಡ್ಡ ಹ್ಯಾಲೋಜನ್ ದೀಪ ಹಿಡಿದು ಟರ್ಬೈನಿನ ಕಡೆ ನಿಂತರು. ನಾನು ಬೈಪಾಸ್ ಕಡೆಗೆ ಹೋಗಿ, ಡ್ಯಾಂಪರ್ ಮುಚ್ಚಿಸಿ, ನನ್ನ ಟಾರ್ಚ್ ಆರಿಸಿದೆ. ಗಾಢ ಕತ್ತಲೆ. ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕಾಯಿತು. ಆಮೇಲೆ ಕಂಡಿತು. ನಮ್ಮ ಹಂಚಿನ ಮನೆಯ ಅಟ್ಟದಲ್ಲಿ ಮಧ್ಯಾಹ್ನ ಹೊತ್ತು ಬಿಸಿಲುಕೋಲು ಇಳಿಯುತ್ತದಲ್ಲ, ಹಾಗೆಯೇ ಬೆಳಕಿನ ಕೋಲುಗಳು. ಕೆಳಗಿನ ಎಡ ಮೂಲೆಯಲ್ಲಿ ಒಂದು ಕೈ ಹೋಗುವಷ್ಟು ಅಗಲದ ಸೀಳು. ಮೇಲಂಚಿನಲ್ಲಿ ಸೂಜಿಯಂಥ ಹತ್ತಿಪ್ಪತ್ತು. ಧೂಳು ಆ ಬೆಳಕಿನಲ್ಲಿ ಹೊಳೆಯುತ್ತಾ ಮೇಲೇರುತ್ತಿತ್ತು. ನಾನು ಸೀಮೆಸುಣ್ಣದಿಂದ ಒಂದೊಂದಕ್ಕೂ ಗುರುತು ಹಾಕಿದೆ. ಆಚೆಯಿಂದ ಕಾಕ ಕೂಗಿದರು, "ಕಾಣ್ತದಾ ಭಟ್ರೇ?" ಕಾಣುತ್ತದೆ ಕಾಕ, ಎಲ್ಲವೂ ಕಾಣುತ್ತದೆ ಅಂದೆ.

ಲೆಕ್ಕ ಹೀಗಿದೆ. ಟರ್ಬೈನಿನಿಂದ ಸೆಕೆಂಡಿಗೆ ಸುಮಾರು 400 ಕಿಲೋ ಬಿಸಿ ಗಾಳಿ ಬರುತ್ತದೆ. ಅದರಲ್ಲಿ ನೂರರಲ್ಲಿ ಒಂದು ಭಾಗ ಸೋರಿದರೂ ಹತ್ತಿರ ಹತ್ತಿರ 2 ಮೆಗಾವಾಟ್ ಶಾಖ ಬಾಯ್ಲರಿಗೆ ಸಿಗದೆ ಹೋಗುತ್ತದೆ. ಕರೆಂಟಿನ ಲೆಕ್ಕದಲ್ಲಿ 650 ಕಿಲೋವಾಟಿನಷ್ಟು. ಆ ಕರೆಂಟನ್ನು ಓಪನ್ ಸೈಕಲ್ ಮೆಷಿನಿನಲ್ಲಿ ಮಾಡಬೇಕಾಗಿ ಬಂದರೆ ದಿನಕ್ಕೆ ಒಂಬತ್ತು ಟನ್‌ಗೂ ಮೀರಿ ಕಾರ್ಬನ್ ಡೈಆಕ್ಸೈಡ್. ಒಂದು ಸೊಟ್ಟಗಾದ ಪಟ್ಟಿಯಿಂದ! ಸೀಲ್ ಬದಲಾಯಿಸಿದೆವು, ಬಾಗಿಲಿನ ಹಿಂಜ್ ಸರಿ ಮಾಡಿದೆವು, ಎರಡು ಸೀಲಿನ ನಡುವೆ ಗಾಳಿ ತಳ್ಳುವ ಫ್ಯಾನ್ ನಿಂತೇ ಹೋಗಿತ್ತು, ಅದನ್ನೂ ಶುರು ಮಾಡಿದೆವು. ಮತ್ತೆ ಕತ್ತಲೆಯಲ್ಲಿ ನಿಂತಾಗ ಎರಡೇ ಎರಡು ಸೂಜಿಬೆಳಕು ಉಳಿದಿತ್ತು.

ಅದಾದ ಮೇಲೆ ಹಬೆಯ ವಾಲ್ವ್‌ಗಳ ಹಿಂದೆ ಬಿದ್ದೆವು. ಸ್ಟೀಮ್ ಲೈನಿನ ಡ್ರೈನ್ ವಾಲ್ವ್‌ಗಳು, ಹಬೆಯನ್ನು ತಣಿಸಿ ಮತ್ತೆ ನೀರು ಮಾಡುವ ಕಂಡೆನ್ಸರಿಗೆ ನೇರ ಹೋಗುವ ಬೈಪಾಸ್ ವಾಲ್ವ್. ಸ್ಕ್ರೀನಿನಲ್ಲಿ ಮುಚ್ಚಿದೆ ಅಂತ ಹಸಿರು ತೋರಿಸುತ್ತದೆ, ಒಳಗೆ ಸೀಟ್ ತಿಂದುಹೋಗಿ ಹಬೆ ಸೋರುತ್ತಿರುತ್ತದೆ. ವಾಲ್ವಿನ ನಂತರದ ಪೈಪ್ ತಣ್ಣಗಿರಬೇಕು. ಬಿಸಿ ಇದ್ದರೆ ಸೋರಿಕೆ. ಇದಕ್ಕೆ ದೊಡ್ಡ ವಿದ್ಯೆ ಬೇಡ. ಒಂದು ಪಟ್ಟಿ, ಒಂದು ಥರ್ಮಾಮೀಟರ್, ತಿಂಗಳಿಗೊಂದು ಸುತ್ತು. ಮಾಡುವ ಮನಸ್ಸು ಬೇಕು.

ಮೀಥೇನ್ ಸೋರಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇದನ್ನು ಹೆಚ್ಚಿನವರು ಕಾರ್ಬನ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸುಡದ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ಒಂದು ಕಿಲೋ ಸುಟ್ಟರೆ ಎರಡೂ ಮುಕ್ಕಾಲು ಕಿಲೋ, ಸುಡದೆ ಗಾಳಿಗೆ ಬಿಟ್ಟರೆ 28 ಕಿಲೋದಷ್ಟು. ಹತ್ತು ಪಟ್ಟು! ಹಾಗಾಗಿ ಪೈಪಿಗೆ ಪೈಪ್ ಜೋಡಿಸುವ ಫ್ಲೇಂಜ್‌ಗಳಿಗೆ ಸೋಪಿನ ನೊರೆ ಹಚ್ಚಿ ನೋಡುವ ಕೆಲಸವನ್ನು ನಾನು ಯಾವತ್ತೂ ಸಣ್ಣದು ಅಂದುಕೊಂಡಿಲ್ಲ. ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಮತ್ತೆ ಏಳುತ್ತದೆ. ಫಿಲ್ಟರ್ ಬದಲಾಯಿಸುವ ಮೊದಲು ಲೈನಿನಲ್ಲಿದ್ದ ಗ್ಯಾಸನ್ನು ಸುಮ್ನೆ ಮೇಲೆ ಬಿಟ್ಟುಬಿಡುವ ಅಭ್ಯಾಸ ನಮ್ಮಲ್ಲೂ ಇತ್ತು. ಸಾಧ್ಯವಾದಷ್ಟು ಗ್ಯಾಸನ್ನು ಮೊದಲು ಟರ್ಬೈನಿನಲ್ಲೇ ಸುಟ್ಟು ಒತ್ತಡ ಇಳಿಸಿ, ಉಳಿದ ಸ್ವಲ್ಪವನ್ನು ಮಾತ್ರ ಬಿಡುವ ಹಾಗೆ ಕ್ರಮ ಬದಲಾಯಿಸಿದೆವು.

ನಾವು ಪೂರ್ತಿ ಗೆಲ್ಲದ ಜಾಗವೂ ಇದೆ. ಅದು ಪಾರ್ಟ್ ಲೋಡ್. ಗ್ಯಾಸ್ ಟರ್ಬೈನ್ ಅರ್ಧ ಲೋಡ್‌ನಲ್ಲಿ ಓಡಿದರೆ ಒಂದು ಯೂನಿಟ್‌ಗೆ ಖರ್ಚಾಗುವ ಗ್ಯಾಸ್ ಸುಮಾರು ಐದನೇ ಒಂದು ಭಾಗ ಜಾಸ್ತಿ. ಎರಡು ಮೆಷಿನ್ ಅರ್ಧರ್ಧ ಓಡಿಸುವ ಬದಲು ಒಂದನ್ನು ಪೂರ್ತಿ ಓಡಿಸಿದರೆ ಎಷ್ಟೋ ಒಳ್ಳೆಯದು. ಆದರೆ ಇರುವ ಒಂದು ಮೆಷಿನ್ ಟ್ರಿಪ್ ಆಗಿ ತಟ್ಟನೆ ನಿಂತರೆ ಊರೇ ಕತ್ತಲೆ ಅನ್ನುವ ಭಯ ಆಪರೇಷನ್‌ನವರಿಗೆ. ಆ ಭಯ ತಪ್ಪಲ್ಲ. ಕಂಬೈನ್ಡ್ ಸೈಕಲ್ ಮೆಷಿನ್‌ಗಳಿಗೆ ಮೊದಲು ಲೋಡ್ ತುಂಬಿ, ಆಮೇಲೆ ಮಾತ್ರ ಓಪನ್ ಸೈಕಲ್ ಏರಿಸುವ ನಿಯಮ ಬರೆಸಿದೆವು. ರಾತ್ರಿ ಒಂದು ಓಪನ್ ಸೈಕಲ್ ಮೆಷಿನ್ ನಿಲ್ಲಿಸಲು ಒಪ್ಪಿದರು. ಅದಕ್ಕಿಂತ ಮುಂದೆ ಹೋಗಲು ಆಗಲಿಲ್ಲ.

ಇವತ್ತು ಈ ಪ್ರಶ್ನೆ ಇನ್ನೂ ದೊಡ್ಡದಾಗಿದೆ. ನಮ್ಮ ಪೈವಳಿಕೆಯಲ್ಲೇ 50 ಮೆಗಾವಾಟಿನ ಸೋಲಾರ್ ಪ್ಲಾಂಟ್ ಇದೆ. ಮಳೆಗಾಲದ ಆಟಿ ತಿಂಗಳಿನಲ್ಲಿ ಒಂದು ಮೋಡ ಬಂದರೆ ಅದರ ಔಟ್‌ಪುಟ್ ಹೇಗೆ ಬೀಳುತ್ತದೆ ಅಂತ ಊಹಿಸಿ. ಹೀಗೆ ಬಿದ್ದದ್ದನ್ನು ತುಂಬಲು ಬೇಗ ಏಳುವ ಮೆಷಿನ್ ಬೇಕು, ಗ್ಯಾಸ್ ಟರ್ಬೈನ್ ಅದಕ್ಕೆ ಸರಿಯಾದದ್ದೇ. ಆದರೆ ದಿನವೂ ಹತ್ತಿಸಿ ಆರಿಸಿದರೆ, ಬಾಯ್ಲರ್ ಬಿಸಿಯಾಗುವ ತನಕ ಹಬೆಯೆಲ್ಲ ಕಂಡೆನ್ಸರಿಗೆ ವ್ಯರ್ಥ. ಇದಕ್ಕೆ ನಾವು ಮಾಡಿದ್ದು ಸುಲಭದ ಕೆಲಸ: ಮೆಷಿನ್ ನಿಂತ ತಕ್ಷಣ ಬಾಯ್ಲರಿನ ಚಿಮಣಿಯ ಡ್ಯಾಂಪರ್ ಮುಚ್ಚಿ, ಡ್ರೈನ್‌ಗಳನ್ನು ಮುಚ್ಚಿ, ಒಳಗಿನ ಬಿಸಿ ಹಾಗೇ ಹಿಡಿದಿಡುವುದು. ರಾತ್ರಿ ಮಲಗುವ ಮೊದಲು ಅಮ್ಮ ಹಂಡೆಗೆ ಮುಚ್ಚಳ ಹಾಕಿ, ಒಲೆಯ ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದಳು. ಬೆಳಗ್ಗೆ ಒಂದೆರಡು ತೆಂಗಿನ ಗೆರಟೆ ಹಾಕಿದರೆ ನೀರು ಕಾಯುತ್ತಿತ್ತು.

ಈಗ ಎಲ್ಲರೂ ಕೇಳುವುದು ಎರಡು: ಹೊಗೆಯಿಂದ ಕಾರ್ಬನ್ ಡೈಆಕ್ಸೈಡನ್ನು ಹಿಡಿದಿಡುವ ಕಾರ್ಬನ್ ಕ್ಯಾಪ್ಚರ್, ಮತ್ತೆ ಗ್ಯಾಸಿನ ಬದಲು ಸುಡುವ ಹೈಡ್ರೋಜನ್. ಎರಡೂ ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅಂಕಿ ತಿಳಿದಿರಬೇಕು. ಗ್ಯಾಸ್ ಟರ್ಬೈನಿನ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ನೂರರಲ್ಲಿ ಮೂರು ನಾಲ್ಕು ಭಾಗ ಮಾತ್ರ. ಕಲ್ಲಿದ್ದಲಿನ ಹೊಗೆಯಲ್ಲಿ ಹನ್ನೆರಡು ಹದಿನಾಲ್ಕು ಭಾಗ. ಗದ್ದೆ ತುಂಬಾ ಹರಡಿದ ನಾಲ್ಕು ಕಾಳು ಆರಿಸಿದ ಹಾಗೆ. ಅಮೈನ್ ದ್ರಾವಣದಲ್ಲಿ ಅದನ್ನು ಹೀರಿಸಿ, ಮತ್ತೆ ಕಾಯಿಸಿ ಬಿಡಿಸಬೇಕು. ಕಾಯಿಸಲು ಬೇಕಾದ ಹಬೆ ನಮ್ಮ ಸ್ಟೀಮ್ ಟರ್ಬೈನಿನಿಂದಲೇ ಹೋಗಬೇಕು. ಆಗುವುದಿಲ್ಲ ಅಂತ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಬೆಲ್ಲಿಂಗ್‌ಹ್ಯಾಮ್‌ನಲ್ಲಿ 1991ರಿಂದ 2005ರ ತನಕ ಗ್ಯಾಸ್ ಟರ್ಬೈನಿನ ಹೊಗೆಯ ಒಂದು ಭಾಗದಿಂದ ದಿನಕ್ಕೆ 300 ಟನ್‌ಗೂ ಜಾಸ್ತಿ ಹಿಡಿದಿದ್ದಾರೆ. ಆದರೆ ಸೋರುವ ಡ್ಯಾಂಪರ್ ಇಟ್ಟುಕೊಂಡು ಕ್ಯಾಪ್ಚರ್ ಕಟ್ಟಿದರೆ, ಹಿಡಿಯಬೇಕಾದ ಕಾರ್ಬನ್ನೂ ಜಾಸ್ತಿ, ಅದಕ್ಕೆ ಸಿಗುವ ಹಬೆ ಮಾತ್ರ ಕಡಿಮೆ.

ಹೈಡ್ರೋಜನ್ನಿನದ್ದೂ ಹಾಗೆ. ಗ್ಯಾಸಿಗೆ ಮೂವತ್ತು ಪರ್ಸೆಂಟ್ ಹೈಡ್ರೋಜನ್ ಬೆರೆಸಿದರೆ ಕಾರ್ಬನ್ ಮೂವತ್ತು ಪರ್ಸೆಂಟ್ ಇಳಿಯಿತು ಅಂದುಕೊಳ್ಳುತ್ತಾರೆ. ಆ ಮೂವತ್ತು ಗಾತ್ರದ ಲೆಕ್ಕ. ಅಷ್ಟೇ ಗಾತ್ರಕ್ಕೆ ಹೈಡ್ರೋಜನ್ನಿನ ಶಾಖ ಮೀಥೇನಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ಕಾರ್ಬನ್ ನಿಜವಾಗಿ ಇಳಿಯುವುದು ಹನ್ನೊಂದು ಪರ್ಸೆಂಟಿನ ಆಸುಪಾಸು. ಅದೂ ಕೂಡ ಆ ಹೈಡ್ರೋಜನ್ ಬಿಸಿಲಿನಿಂದಲೋ ಗಾಳಿಯಿಂದಲೋ ಬಂದದ್ದಾದರೆ.

ಕಾಕ ಈಗ ಉಪ್ಪಳದಲ್ಲೇ ಇದ್ದಾರೆ, ಮಗನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುತ್ತಾರೆ. ನಾನು ಊರಿಗೆ ಬಂದು ತೋಟ ನೋಡಿಕೊಂಡಿದ್ದೇನೆ. ಹೋದ ತಿಂಗಳು ಪೆರ್ಲದ ಒಬ್ಬ ಹುಡುಗ ಫೋನ್ ಮಾಡಿದ. ಗಲ್ಫಿನ ಬೇರೊಂದು ಪ್ಲಾಂಟಿನಲ್ಲಿ ಅವನಿಗೆ ಕೆಲಸ ಸಿಕ್ಕಿ ಎರಡು ವರ್ಷ ಆಗಿದೆ. ಸ್ಟೀಮ್ ಟರ್ಬೈನ್ ಎರಡು ಮೆಗಾವಾಟ್ ಕಡಿಮೆ ಕೊಡುತ್ತಿದೆ, ಕಂಡೆನ್ಸರ್ ತೊಳೆದರು, ಸರಿಯಾಗಲಿಲ್ಲ, ಏನು ಮಾಡಲಿ ಅಂಕಲ್ ಅಂದ. ಮುಂದಿನ ಶಟ್‌ಡೌನ್ ಯಾವಾಗ ಅಂತ ಕೇಳಿದೆ. ಒಂದು ಹ್ಯಾಲೋಜನ್ ದೀಪ, ಒಂದು ಸೀಮೆಸುಣ್ಣ, ನಂಬಿಕೆಯ ಒಬ್ಬ ಫಿಟ್ಟರ್ ಜೊತೆಗಿರಲಿ, ಟಾರ್ಚ್ ಆರಿಸಿ ಎರಡು ನಿಮಿಷ ಕಾಯಿ ಅಂತ ಹೇಳಿದೆ.

ಮೊನ್ನೆ ರಾತ್ರಿ ಅವನಿಂದ ಒಂದು ಫೋಟೋ ಬಂತು. ಪೂರ್ತಿ ಕಪ್ಪು, ಕೆಳಗಿನ ಬಲ ಮೂಲೆಯಲ್ಲಿ ಬೆಳಕಿನ ಒಂದು ಉದ್ದನೆಯ ಗೆರೆ. ನಾನು ಅದನ್ನು ಕಾಕನಿಗೂ ಕಳಿಸಿದೆ.